ಒಂಬತ್ತು ಹೊಲಿಗೆ

14 ಜುಲೈ 2024, ಭಾನುವಾರ
ಶಿವಮೊಗ್ಗ

ರಾತ್ರಿ ಎರಡೂಮುಕ್ಕಾಲಿಗೆ ಎದ್ದು ಜೋನಿಯ ಉಸಿರು ಎಣಿಸಿದೆ. ನಿಮಿಷಕ್ಕೆ ಇಪ್ಪತ್ತೆಂಟು. ಮಲಗಿರುವ ಬೆಕ್ಕಿಗೆ ಮೂವತ್ತರೊಳಗೆ ಇದ್ದರೆ ಹೆದರಬೇಕಾಗಿಲ್ಲ ಎಂದು ಡಾಕ್ಟರ್ ಹೇಳಿ ಕಳಿಸಿದ್ದಾರೆ. ಆದರೆ ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಇಲ್ಲ. ಮೊಬೈಲ್ ಬೆಳಕನ್ನು ಗೋಡೆಗೆ ತಿರುಗಿಸಿ ಇನ್ನೊಮ್ಮೆ ಎಣಿಸಿದೆ. ಮೂವತ್ತೊಂದು. ಎದೆ ಧಸಕ್ಕೆಂದಿತು. ಮೂರನೆಯ ಸಲ ಇಪ್ಪತ್ತಾರು. ನಾಲ್ಕನೆಯ ಸಲಕ್ಕೆ ಕೈಗಡಿಯಾರ ಹುಡುಕುತ್ತಿದ್ದಾಗ ಇವರು ಹೊದಿಕೆಯೊಳಗಿನಿಂದಲೇ, "ಅವಳದ್ದು ಸರಿಯಾಗಿದೆ, ನಿನ್ನದನ್ನೊಮ್ಮೆ ಎಣಿಸಿಕೋ" ಎಂದರು.

ಹೊರಗೆ ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿದೆ. ಒಳಗೆ ಹಗ್ಗ ಕಟ್ಟಿ ಹಾಕಿದ ಬಟ್ಟೆಗಳಿಗೆ ಒಣಗುವುದೇ ಮರೆತುಹೋಗಿದೆ. ಜೋನಿಯ ಕೆಳಗೆ ಹಾಸಲು ಒಣಬಟ್ಟೆ ಬೇಕು, ದಿನಕ್ಕೆ ನಾಲ್ಕೈದಾದರೂ. ಬೆಳಗಿನಿಂದ ನಾನು ಮಾಡಿರುವ ಘನಕಾರ್ಯವೆಂದರೆ ಹಳೆಯ ವಾಯಿಲ್ ಸೀರೆಯನ್ನು ಹರಿದು, ತುಂಡುಗಳನ್ನು ಒಂದೊಂದಾಗಿ ಇಸ್ತ್ರಿ ಮಾಡಿ ಒಣಗಿಸಿದ್ದು. ಇಸ್ತ್ರಿಯ ಬಿಸಿ ಆರುವ ಮೊದಲೇ ಅದನ್ನು ಬುಟ್ಟಿಗೆ ಹಾಸುತ್ತೇನೆ. ಅವಳು ಅದರ ಮೇಲೆ ಕುಳಿತುಕೊಳ್ಳುತ್ತಾಳೆ, ಮಲಗುವುದಿಲ್ಲ. ಹೊಟ್ಟೆ ನೆಲಕ್ಕೆ ತಾಗದಂತೆ ನಾಲ್ಕೂ ಕಾಲು ಕೂಡಿಸಿ, ತಲೆ ತಗ್ಗಿಸಿ, ಬಸ್ಸಿನಲ್ಲಿ ಸೀಟು ಸಿಗದವರು ಚೀಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುತ್ತಾರಲ್ಲ, ಹಾಗೆ.

ಶುಕ್ರವಾರ ಜೋನಿಗೆ ಆಪರೇಷನ್ ಆದದ್ದನ್ನು ಬರೆದಿಡೋಣವೆಂದು ನಿನ್ನೆಯೂ ಕುಳಿತಿದ್ದೆ. ಆಗಲಿಲ್ಲ. ಇಂದೂ ಪೂರ್ತಿಯಾಗಿ ಆಗಲಾರದು. ಅಲ್ಲಿಯ ಬೆಂಚು, ರಕ್ತಪರೀಕ್ಷೆಯ ಚೀಟಿ, ನನ್ನ ಪಕ್ಕದಲ್ಲಿ ಮೊಲ ಹಿಡಿದು ಕುಳಿತಿದ್ದ ಹುಡುಗ, ಎಲ್ಲ ಮಸುಕಾಗಿದೆ. ಉಳಿದಿರುವುದು ಒಂದೇ. ಅರಿವಳಿಕೆ ಕೊಟ್ಟ ಮೇಲೆ ಅವಳನ್ನು ಒಳಗೆ ಎತ್ತಿಕೊಂಡು ಹೋಗುವಾಗ ಕಣ್ಣು ತೆರೆದೇ ಇತ್ತು. ನಾನು ಕೂಗಿಕೊಂಡೆನಂತೆ. ಅರಿವಳಿಕೆಯ ಮತ್ತು ಬಂದರೂ ಬೆಕ್ಕುಗಳ ರೆಪ್ಪೆ ಮುಚ್ಚುವುದಿಲ್ಲ, ಕಣ್ಣು ಒಣಗದಿರಲೆಂದು ಮುಲಾಮು ಹಚ್ಚುತ್ತೇವೆ, ಗಾಬರಿ ಬೇಡ ಎಂದು ಡಾಕ್ಟರ್ ಹೇಳಿದರು. ಸರಿ. ಆದರೆ ಆ ಕಣ್ಣು ನನ್ನ ಕಡೆಗೇ ಇತ್ತು.

ಅಂದಹಾಗೆ ಅಲ್ಲಿಯ ಚೀಟಿಯಲ್ಲಿ ಅವಳು 'ಜಾನಿ, ಗಂಡು'. ಬರೆದುಕೊಂಡ ಹುಡುಗನಿಗೆ ಜೋನಿಬೆಲ್ಲ, ನಮ್ಮ ಕಡೆಯ ನೀರುಬೆಲ್ಲ, ಗೊತ್ತಿಲ್ಲ. ಮಲೆನಾಡಿನ ಹೆಬ್ಬಾಗಿಲಿನಲ್ಲಿ ಕೂತು ಜೋನಿಬೆಲ್ಲ ಗೊತ್ತಿಲ್ಲವೆಂದರೆ! ಕಪ್ಪು, ಕಂದು, ನಡುನಡುವೆ ಹೊಂಬಣ್ಣ ಕಲಸಿಕೊಂಡ ಅವಳ ಮೈ ನೋಡಿ ಪುಟ್ಟಿ ಇಟ್ಟ ಹೆಸರು ಅದು. ಡಾಕ್ಟರ್ ಚೀಟಿ ನೋಡಿದವರೇ 'ಗಂಡು' ಎಂಬುದನ್ನು ಹೊಡೆದುಹಾಕಿ, "ಈ ಬಣ್ಣದ ಬೆಕ್ಕು ಗಂಡಾಗಿರುವುದು ತೀರಾ ಅಪರೂಪ, ಮೇಡಂ. ಬಾಲ ಎತ್ತಿ ನೋಡಬೇಕಾಗಿಯೇ ಇಲ್ಲ" ಎಂದರು. ನನಗೆ ಜೋರಾಗಿ ನಗು ಬಂದುಬಿಟ್ಟಿತು. ಅರ್ಧ ಗಂಟೆಯ ಹಿಂದೆಯಷ್ಟೇ ಸ್ಕ್ಯಾನಿಂಗ್‌ನಲ್ಲಿ ಅವಳ ಹೊಟ್ಟೆಯೊಳಗಿನ ಕಪ್ಪು ಕೊಳವೆಗಳನ್ನು ನೋಡಿ ಅತ್ತಿದ್ದವಳು ನಾನೇ.

ಗರ್ಭಕೋಶದಲ್ಲಿ ಕೀವು. ಪೆನ್ಸಿಲಿಗಿಂತ ಸಪೂರ ಇರಬೇಕಾದದ್ದು ಏಲಕ್ಕಿ ಬಾಳೆಹಣ್ಣಿನಷ್ಟು ಊದಿಕೊಂಡಿತ್ತು. ಬೆದೆ ಮುಗಿದ ಕೆಲವು ವಾರಗಳಿಗೆ ಹೀಗೆ ಆಗುವುದುಂಟಂತೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಹೊರಗೆ ಒಂದು ತೊಟ್ಟೂ ಬರುವುದಿಲ್ಲ, ಒಳಗೇ ತುಂಬುತ್ತದೆ. ತೆರೆದಿದ್ದರೂ ಬೆಕ್ಕು ತಾನೇ ನೆಕ್ಕಿ ಸ್ವಚ್ಛ ಮಾಡಿಕೊಳ್ಳುವುದರಿಂದ ಮನೆಯವರಿಗೆ ತಿಳಿಯುವುದು ಕಡಿಮೆ. ಡಾಕ್ಟರ್ ಇದನ್ನು ನನ್ನ ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ನೀರು? ಹೋದ ವಾರವೆಲ್ಲ ಅವಳು ಬಚ್ಚಲ ಬಕೆಟ್ಟಿಗೆ ತಲೆ ಹಾಕಿ ನೀರು ಕುಡಿಯುತ್ತಲೇ ಇದ್ದಳು. ಇಷ್ಟು ಮಳೆಯಲ್ಲಿ ಇವಳಿಗೆಂಥ ಬಾಯಾರಿಕೆ ಎಂದು ನಾವು ನಕ್ಕೆವು. ನಾನು ವಿಡಿಯೋ ಮಾಡಿ ಪುಟ್ಟಿಯ ಹಾಸ್ಟೆಲ್ಲಿಗೆ ಕಳಿಸಿದೆ. ಅದರಲ್ಲಿ ನನ್ನ ನಗು ಕೇಳಿಸುತ್ತದೆ. ಅಳಿಸಿಬಿಡೋಣವೆಂದು ಎರಡು ಸಲ ತೆರೆದೆ, ಅಳಿಸಲಿಲ್ಲ.

ಆರು ವರ್ಷ. ಮೊದಲ ಬೆದೆಗೆ ಮುಂಚೆಯೇ ಸಂತಾನಹರಣ ಮಾಡಿಸಿ ಎಂದು ಲಸಿಕೆ ಹಾಕಿಸಲು ಹೋದಾಗಲೇ ಹೇಳಿದ್ದರು. "ಒಂದು ಸೂಲಾದರೂ ಆಗಲಿ" ಎಂದವಳು ನಾನು. ಮರಿಗಳನ್ನು ಬಾಯಲ್ಲಿ ಕಚ್ಚಿ ಹಿಡಿದು ಏಳು ಮನೆ ತಿರುಗುವ ಬೆಕ್ಕನ್ನು ನೋಡುತ್ತ ಬೆಳೆದವಳಲ್ಲವೇ, ಅದಿಲ್ಲದೆ ಅವಳ ಜನ್ಮ ಬರಡಾದೀತು ಎಂಬ ಹುಚ್ಚು ಕನಿಕರ. ಹಾಗೆಂದು ಹೊರಗೆ ಬಿಟ್ಟೆನೇ? ಅದೂ ಇಲ್ಲ. ಬೆದೆ ಬಂದಾಗಲೆಲ್ಲ ಕಿಟಕಿ ಮುಚ್ಚಿ, ಟಿವಿ ಸದ್ದು ಏರಿಸಿದೆ. ಎರಡೂ ಕಡೆಯಿಂದ ನಾನೇ ಅವಳನ್ನು ಕಟ್ಟಿಹಾಕಿದ್ದು. ಇದನ್ನು ಇವರ ಹತ್ತಿರ ಹೇಳಿದರೆ "ಆಯಿತಲ್ಲ, ಈಗ ಅದನ್ನು ಬಿಡು" ಎನ್ನುತ್ತಾರೆ. ಅವರ ಪ್ರಕಾರ ಆದದ್ದೆಲ್ಲ ಮುಗಿದದ್ದು.

ಸೋಮವಾರ ರಜೆ ಬೇಕು. ಕಾರಣವೇನೆಂದು ಬರೆಯಲಿ? ಬೆಕ್ಕಿಗೆ ಆಪರೇಷನ್ ಎಂದರೆ ನಮ್ಮ ಕಚೇರಿಯಲ್ಲಿ ಮುಂದಿನ ದೀಪಾವಳಿಯವರೆಗೂ ಅದೇ ಮಾತು. 'ಮನೆಯವರಿಗೆ ಶಸ್ತ್ರಚಿಕಿತ್ಸೆ' ಎಂದು ಬರೆದರೆ ಸುಳ್ಳೇನಲ್ಲ, ಆದರೆ ಸಂಜೆಗೆಲ್ಲ ನಾಲ್ಕು ಜನ ಮೂಸಂಬಿ ಹಿಡಿದುಕೊಂಡು ಇವರನ್ನು ನೋಡಲು ಬಂದಾರು. ಇವರಿಗೆ ಹೇಳಿದರೆ, "ಬರಲಿ ಬಿಡು, ಒಂದು ದಿನ ಮಲಗಿರುತ್ತೇನೆ" ಎಂದರು.

ಗುರುವಾರ ಬೆಳಿಗ್ಗೆಯಿಂದ ಜೋನಿ ತಾನಾಗಿ ಏನನ್ನೂ ತಿಂದಿಲ್ಲ. ನನ್ನನ್ನು ಹೊಲಿಗೆಗಿಂತ ಹೆಚ್ಚು ಹೆದರಿಸಿರುವುದು ಇದು. ಬೆಕ್ಕಿನ ಉಪವಾಸ ಏಕಾದಶಿಯಂತಲ್ಲ. ಕೆಲವು ದಿನ ಹೊಟ್ಟೆಗಿಲ್ಲದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ಸೇರಿ, ಅದೇ ಇನ್ನೊಂದು ಕಾಯಿಲೆಯಾಗುತ್ತದಂತೆ. ಹೇಗಾದರೂ ಮಾಡಿ ತಿನ್ನಿಸಿ ಎಂದಿದ್ದಾರೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಕೋಳಿ ಬೇಯಿಸಿದ ನೀರು ಒಳ್ಳೆಯದಂತೆ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ ಎನ್ನುವುದು ನನಗೆ ಗೊತ್ತಿರಲಿಲ್ಲ. ಅಜ್ಜನ ಮನೆಯ ಬೆಕ್ಕುಗಳು ಮೊಸರನ್ನ ತಿಂದು ಮಡಿಯಲ್ಲೇ ಬದುಕಿದ್ದಕ್ಕೆ ಹೀಗೂ ಒಂದು ಸಮರ್ಥನೆ ಇತ್ತೆನ್ನಿ, ಉಗ್ರಾಣದ ಇಲಿಗಳ ಲೆಕ್ಕ ಬಿಟ್ಟರೆ.

ಗೋಡೆಯಾಚೆಯಿಂದ ಫ್ಲೋರಿ ಆಂಟಿಯನ್ನು ಕೂಗಿದೆ. ಮೊದಲು ಅವರು, "ನೋವಿಗೆ ಮಕ್ಕಳ ಜ್ವರದ ಸಿರಪ್ ಎರಡು ಹನಿ ಹಾಕಬಾರದೇ?" ಎಂದರು. ನಾನು ಹೌಹಾರಿದೆ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎಂದು ಡಾಕ್ಟರ್ ಎರಡೆರಡು ಸಲ ಹೇಳಿದ್ದರು. ಆಂಟಿ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದವರು, ಚರ್ಚಿನಿಂದ ಬಂದ ಸೀರೆಯನ್ನೂ ಬದಲಾಯಿಸದೆ ಮುಕ್ಕಾಲು ಗಂಟೆಯಲ್ಲಿ ಸ್ಟೀಲ್ ಡಬ್ಬಿ ತಂದುಕೊಟ್ಟರು. "ಉಪ್ಪಿಲ್ಲದೆ ಬೇಯಿಸುವಾಗ ಕೈ ನಡುಗಿತು ನೋಡು. ಬದುಕಿನಲ್ಲಿ ಮೊದಲ ಸಲ" ಎಂದರು. ಬೆರಳಿಗೆ ಬೆಚ್ಚಗೆ ತಾಗುವಷ್ಟು ಬಿಸಿ ಮಾಡಿದರೆ ವಾಸನೆ ಏಳುತ್ತದೆ, ವಾಸನೆ ಎದ್ದರೆ ಹಸಿವೂ ಏಳುತ್ತದೆ. ನನ್ನ ನಲವತ್ತೆಂಟು ವರ್ಷದ ಮೂಗು ಆ ವಾಸನೆಗೆ ಸಿದ್ಧವಿರಲಿಲ್ಲ. ಸೆರಗು ಮೂಗಿಗೆ ಕಟ್ಟಿಕೊಂಡು, ಸೂಜಿ ತೆಗೆದ ಸಿರಿಂಜಿನಿಂದ ಅವಳ ಕೆನ್ನೆಯ ಸಂದಿಗೆ ಹನಿಹನಿಯಾಗಿ ಬಿಟ್ಟೆ. ಎರಡು ಸಿರಿಂಜ್ ಒಳಗೆ ಹೋಯಿತು. ಒಂದು ನನ್ನ ಮಡಿಲಿಗೆ ಆಯಿತು.

ಹನ್ನೊಂದಕ್ಕೆ ಅಮ್ಮನ ಫೋನ್. ಭಾನುವಾರದ ಫೋನು ಸಾಮಾನ್ಯವಾಗಿ ಮಳೆ, ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಹೊಳವಾಗಲಿಲ್ಲ, ಅತ್ತಿಗೆಯ ಮಂಡಿನೋವು, ಇಷ್ಟರಲ್ಲಿ ಮುಗಿಯುತ್ತದೆ. ಇವತ್ತು ಮೊದಲ ಮಾತೇ, "ತಿಂದಿತೇ?"

"ಎರಡು ಸಿರಿಂಜ್ ಕುಡಿದಳು."

"ಎಂಥದ್ದನ್ನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕೋಳಿ ಬೇಯಿಸಿದ ನೀರು."

ಆ ಕಡೆ ಮಳೆಯ ಸದ್ದು ಮಾತ್ರ. ಆಮೇಲೆ, "ನಿನ್ನ ಒಲೆಯ ಮೇಲೆಯೇ?"

"ಇಲ್ಲ ಅಮ್ಮ, ಫ್ಲೋರಿ ಆಂಟಿ ಮಾಡಿಕೊಟ್ಟರು."

"ಎಲ್ಲಿ ಮಾಡಿದರೇನು ಬಿಡು. ಕಾಯಿಲೆಯವರಿಗೆ ಎಂಥ ಮಡಿ?" ಎಂದಳು. ಬೆಕ್ಕು ಅಡುಗೆಮನೆಯ ಹೊಸಿಲು ದಾಟಿದರೆ ಸೌಟು ಬೀಸುತ್ತಿದ್ದ ಅಮ್ಮ. ಬೆಕ್ಕನ್ನು ಕೊಂದರೆ ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕಾಗುತ್ತದೆ ಎಂದು ನಮ್ಮನ್ನು ಹೆದರಿಸುತ್ತಲೇ ಸೌಟು ಬೀಸುತ್ತಿದ್ದಳು.

"ಯಾವುದನ್ನು ತೆಗೆದರು?"

"ಗರ್ಭಕೋಶ. ಅಂಡಾಶಯವನ್ನೂ."

"ಹೌದಾ. ನನಗೆ ತೆಗೆದದ್ದೇ."

ಗೊತ್ತಿರುವ ಸಂಗತಿಯೇ. 1992ರಲ್ಲಿ ಅಮ್ಮನಿಗೆ ಆಪರೇಷನ್ ಆಗಿತ್ತು, ಇದೇ ಊರಿನಲ್ಲಿ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ. ಆದರೂ ಶುಕ್ರವಾರದಿಂದ ಇವತ್ತಿನವರೆಗೆ ನನಗೆ ಅದು ಒಮ್ಮೆಯೂ ನೆನಪಾಗಿರಲಿಲ್ಲ.

"ಗಂಟೆಗೊಮ್ಮೆ ಎದ್ದು ನೋಡುತ್ತೀಯಂತೆ, ಅಳಿಯಂದಿರು ಹೇಳಿದರು. ನೋಡಬೇಕು ಕೂಸೇ. ಅರಿವಳಿಕೆಯ ಮತ್ತು ಇಳಿಯುವಾಗ ಬಾಯಿ ಒಣಗಿ ಮರದ ಚಕ್ಕೆಯಾಗುತ್ತದೆ. ನೀರು ಕೊಡಲು ಬಿಡುವುದಿಲ್ಲ. ಒದ್ದೆ ಹತ್ತಿಯನ್ನು ತುಟಿಗೆ ಒತ್ತಬೇಕು. ನನಗೆ ಪಕ್ಕದ ಮಂಚದ ಮುದುಕಿಯ ಮಗಳು ಒತ್ತಿದಳು. ಅವಳ ಹೆಸರನ್ನೇ ನಾನು ಕೇಳಲಿಲ್ಲ."

"ಅಪ್ಪಯ್ಯ ಇರಲಿಲ್ಲವೇ?"

"ಅವರು ಸಂಜೆಯ ಬಸ್ಸಿಗೆ ಹೊರಟಿದ್ದರಲ್ಲ. ಕೊಟ್ಟಿಗೆಯ ಕೆಲಸಕ್ಕೆ ಯಾರಿದ್ದರು?" ಯಾರ ಮೇಲೂ ದೂರಿಲ್ಲದ ದನಿ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಮಾತಾಡುವಾಗಿನ ದನಿ.

"ಅಷ್ಟು ದಿನ ಯಾಕೆ ತಡೆದುಕೊಂಡಿದ್ದೆ ಅಮ್ಮ?" ಎಂದೆ. ಎರಡು ವರ್ಷದಿಂದ ರಕ್ತ ಹೋಗುತ್ತಿತ್ತು ಎಂದು ದೊಡ್ಡವಳಾದ ಮೇಲೆ ಯಾವಾಗಲೋ ಚಿಕ್ಕಮ್ಮ ಹೇಳಿ ಗೊತ್ತಾಗಿತ್ತು.

"ಅಡಿಕೆ ಕೊಯ್ಲು ಮುಗಿಯಲಿ ಎಂದು. ಒಂದು ವರ್ಷ ಅದು, ಇನ್ನೊಂದು ವರ್ಷ ನಿನ್ನ ಅತ್ತೆಯ ಮದುವೆ."

ನಾನು ಏನಾದರೂ ಹೇಳಬೇಕಿತ್ತು. ಹೇಳಿದ್ದು, "ಹತ್ತನೆಯ ದಿನಕ್ಕೇ ನೀನು ಒಲೆಯ ಮುಂದೆ ನಿಂತಿದ್ದೆ, ಅದು ನೆನಪಿದೆ ನನಗೆ."

"ಒಂಬತ್ತನೆಯ ದಿನ," ಎಂದು ತಿದ್ದಿದಳು. "ಅಪ್ಪಯ್ಯ ಮಾಡಿದ ಸಾರು ಸೇರುವುದಿಲ್ಲ ಎಂದು ನೀನು ಊಟ ಬಿಟ್ಟು ಕೂತಿದ್ದೆಯಲ್ಲ. ಪರೀಕ್ಷೆ ಬೇರೆ." ಎಂದು ನಕ್ಕಳು. ನಗುವಾಗ ಅಮ್ಮನಿಗೆ ಈಗಲೂ ಕೊನೆಯಲ್ಲಿ ಸಣ್ಣ ಕೆಮ್ಮು ಬರುತ್ತದೆ.

ಊಟ ಬಿಟ್ಟದ್ದು ನನಗೆ ನೆನಪಿಲ್ಲ. ಎಷ್ಟು ಕೆದಕಿದರೂ ಇಲ್ಲ. ಗಣಿತದ ಪತ್ರಿಕೆಯಲ್ಲಿ ಯಾವ ಪ್ರಮೇಯ ಕೇಳಿದ್ದರು ಎಂಬುದು ನೆನಪಿದೆ, ಆ ದಿನ ಹಾಕಿಕೊಂಡಿದ್ದ ಲಂಗದ ಬಣ್ಣ ನೆನಪಿದೆ. ಅಮ್ಮ ನಡೆಯುವಾಗ ಹೊಟ್ಟೆಗೆ ಕೈ ಒತ್ತಿ ಹಿಡಿದುಕೊಳ್ಳುತ್ತಿದ್ದಳೇ? ರಾತ್ರಿ ಎದ್ದು ಕೂರುತ್ತಿದ್ದಳೇ? ಅವಳು ಮಲಗುತ್ತಿದ್ದದ್ದು ನಾನು ಓದುತ್ತಿದ್ದ ಕೋಣೆಯಲ್ಲೇ.

ಮಧ್ಯಾಹ್ನ ಹೊಲಿಗೆ ನೋಡಿದೆ. ಬೋಳಿಸಿದ ಹೊಟ್ಟೆ ತೆಳ್ಳಗೆ, ಗುಲಾಬಿ ಬಣ್ಣಕ್ಕೆ, ಬೇರೆ ಯಾವುದೋ ಪ್ರಾಣಿಯದ್ದಿರಬೇಕು ಅನ್ನಿಸುವ ಹಾಗಿದೆ. ಒಂಬತ್ತು ಹೊಲಿಗೆ. ಕೆಂಪಾಗಿಲ್ಲ, ಬಾವಿಲ್ಲ, ಅಂಚು ಒಣಗಿದೆ. ಹತ್ತು ಹನ್ನೆರಡು ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಕೊರಳಿಗೆ ಆ ಪ್ಲಾಸ್ಟಿಕ್ ಲಾಳಿಕೆ. ಅದನ್ನು ಹೊತ್ತು ನಡೆದರೆ ಬಾಗಿಲಿನ ಚೌಕಟ್ಟಿಗೆ ಢಿಕ್ಕಿ ಹೊಡೆಯುತ್ತಾಳೆ, ಹಿಂದೆ ಸರಿಯುತ್ತಾಳೆ, ಮತ್ತೆ ಅಲ್ಲಿಗೇ ಹೋಗಿ ಢಿಕ್ಕಿ. ನೆಕ್ಕಬೇಕೆಂದು ನಾಲಗೆ ಚಾಚಿದರೆ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಅದನ್ನೇ ನೆಕ್ಕುತ್ತಾಳೆ. ನೋಡಲಾಗದೆ ಇವರ ಹಳೆಯ ಬನಿಯನ್ ಕತ್ತರಿಸಿ ಅಂಗಿ ಮಾಡಿ ತೊಡಿಸಲು ನೋಡಿದೆ. ಎರಡು ಹೆಜ್ಜೆ ಇಟ್ಟವಳು ಗುಂಡೇಟು ಬಿದ್ದಂತೆ ಮಗುಚಿ ಮಲಗಿಬಿಟ್ಟಳು. ಬಿಚ್ಚಿದ ಕೂಡಲೇ ಎದ್ದಳು. ಇವರು ಬಿದ್ದು ಬಿದ್ದು ನಕ್ಕರು, ನಾನೂ. ಬಹಳ ದಿನದ ಮೇಲೆ ಒಳ್ಳೆಯ ನಗು.

ಗಲ್ಲದ ಕೆಳಗೆ ಕೆರೆದರೆ ಗುರುಗುಟ್ಟುತ್ತಾಳೆ. ಶನಿವಾರ ಸಂಜೆ ಮನೆಗೆ ಕರೆತಂದ ಕ್ಷಣದಿಂದಲೇ ಗುರುಗುಟ್ಟಿದಳು, ನಾನು ಹಿಗ್ಗಿದ್ದೆ. ಬೆಕ್ಕುಗಳು ನೋವಾದಾಗಲೂ ಗುರುಗುಟ್ಟುತ್ತವೆ, ಅದೊಂದನ್ನೇ ನಂಬಬೇಡಿ ಎಂದು ಡಾಕ್ಟರ್ ಇವತ್ತು ಫೋನಿನಲ್ಲಿ ಹೇಳಿದರು. ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಆರು ವರ್ಷದ ಗುರುಗುಡುವಿಕೆಯನ್ನೆಲ್ಲ ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕೆಂದರೆ ಹೇಗೆ?

ಈಗ ಒಂಬತ್ತೂವರೆ. ಕರೆಂಟ್ ಹೋಗಿ ಬಂತು. ಅಮ್ಮನಿಗೆ ಎಷ್ಟು ಹೊಲಿಗೆ ಹಾಕಿದ್ದರು ಎಂದು ಕೇಳಲಿಲ್ಲ. ಈ ಹೊತ್ತಿಗೆ ಮಲಗಿರುತ್ತಾಳೆ. ಎಬ್ಬಿಸಿ ಇದನ್ನು ಕೇಳಿದರೆ ಅವಳು ಏನಂದುಕೊಂಡಾಳು? "ನಿನಗೆ ಮಂಕು ಹಿಡಿದಿದೆ, ಮಲಗು" ಎಂದಾಳು. ಮುಂದಿನ ಭಾನುವಾರ ಕೇಳಬಹುದು. ಅಥವಾ ಹೊಲಿಗೆ ಬಿಚ್ಚಿಸಿದ ಮೇಲೆ ಊರಿಗೇ ಹೋಗಿ

ಮರಳು ಕೆರೆಯುವ ಸದ್ದು. ತಾನಾಗಿ ಬುಟ್ಟಿಯಿಂದ ಇಳಿದಿದ್ದಾಳೆ. ನೋಡಿ ಬರುತ್ತೇನೆ.