ದೊಡ್ಡವ್ವನೂ ಇದ್ದ ಸಂಶೋಧನೆ

ನಮ್ಮ ದೊಡ್ಡವ್ವ ಯಾದಗಿರಿ ಕಡೆಯವಳು, ಗಂಡನ ಜೊತೆ ಗೌಂಡಿ ಕೆಲಸಕ್ಕೆ ಅಂತ ಮುಂಬೈಗೆ ಬಂದು ಝೋಪಡಪಟ್ಟಿಯಲ್ಲೇ ಮಕ್ಕಳನ್ನ ಬೆಳೆಸಿದವಳು, ಈಗ ಮಗ ಸೊಸೆ ಜೊತೆ ಡೊಂಬಿವಲಿಯಲ್ಲಿದಾಳೆ. ಮೊನ್ನೆ ಭಾನುವಾರ ಅವಳ ಟ್ರಂಕಿನಲ್ಲಿ ರೇಷನ್ ಕಾರ್ಡ್ ಹುಡುಕ್ತಿದ್ದಾಗ ಮಡಿಕೆ ಮಡಿಕೆಯಲ್ಲಿ ಹರಿಯೋಕೆ ಬಂದಿದ್ದ ಇನ್ನೊಂದು ಕಾರ್ಡ್ ಸಿಕ್ತು. ಮೇಲೆ ಟಾಟಾ ಆಸ್ಪತ್ರೆ ಹೆಸರು, ಕೆಳಗೆ ಪೆನ್ನಿನಲ್ಲಿ ಬರೆದ ತಾರೀಕುಗಳು, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಎರಡೆರಡು ವರ್ಷ ಅಂತರ. ಟಾಟಾ ಅಂದ್ರೆ ಕ್ಯಾನ್ಸರ್ ಅಲ್ವಾ, ನನ್ನ ಎದೆ ಧಸಕ್ ಅಂತು.

"ಏ, ಹಂಗೇನಿಲ್ಲ ತಗೋ," ಅಂದ್ಲು ದೊಡ್ಡವ್ವ, "ಆಗ ಬಾಯಾರು ಬರ್ತಿದ್ರು, ಎದಿ ಮುಟ್ಟಿ ಗಂಟು ಅದಾವೇನು ನೋಡ್ತಿದ್ರು, ಕೆಳಗೂ ನೋಡ್ತಿದ್ರು. ಒಂದ್ ರೂಪಾಯಿ ತಗೊಳ್ಳಿಲ್ಲ."

ಅಲ್ಲೇ ಕೂತು ಮೊಬೈಲಲ್ಲಿ ಹುಡುಕಿದೆ. 1998ರಲ್ಲಿ ಟಾಟಾ ಮೆಮೋರಿಯಲ್‌ನವರು ಮುಂಬೈನ ಬಡ ಬಸ್ತಿಗಳಲ್ಲಿ ಶುರು ಮಾಡಿದ ಅಧ್ಯಯನ ಅದು. 35ರಿಂದ 64 ವಯಸ್ಸಿನ 1,51,538 ಹೆಂಗಸರು, 20 ಏರಿಯಾ, ಅದರಲ್ಲಿ 10 ಏರಿಯಾದವರಿಗೆ ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಕೈಯಿಂದ ಎದೆ ತಪಾಸಣೆ, ಜೊತೆಗೆ ಗರ್ಭಕಂಠದ ತಪಾಸಣೆ, ಮಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎದೆ ಕ್ಯಾನ್ಸರ್ ಬಗ್ಗೆ 20 ವರ್ಷದ ಫಲಿತಾಂಶ 2021ರಲ್ಲಿ ಬಿಎಂಜೆ ಅನ್ನೋ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ, ಆ ಸಂಶೋಧನಾ ಪೇಪರ್ ಪೂರ್ತಿ ಯಾರು ಬೇಕಾದ್ರೂ ಓದಬಹುದು, ದುಡ್ಡಿಲ್ಲ, ಲಾಗಿನ್ ಇಲ್ಲ.

"ನನ್ನ ಹೆಸರು ಐತೇನ ಅದರಾಗ?" ಅಂದ್ಲು. ಹೆಸರು ಯಾರದೂ ಹಾಕಲ್ಲ ದೊಡ್ಡವ್ವ, ಆದ್ರೆ ಇಲ್ಲಿ ನೋಡು, ತಪಾಸಣೆ ಗುಂಪಿನಲ್ಲಿ 75,360 ಜನ ಅಂತಿದೆಯಲ್ಲ, ಅದರಲ್ಲಿ ನೀನೂ ಬರ್ತೀಯ ಅಂದೆ. ಓದು ಬಾರದಿದ್ರೂ ಕನ್ನಡಕ ಹಾಕ್ಕೊಂಡು ಬಂದು ಆ ಅಂಕಿ ನೋಡಿದ್ಲು.

ಸುದ್ದಿಗಳಲ್ಲಿ ನೋಡಿದ್ರೆ ಎದೆ ಕ್ಯಾನ್ಸರಿನ ಸಾವು 30 ಪರ್ಸೆಂಟ್ ಕಮ್ಮಿ ಆಯ್ತು ಅಂತ ದೊಡ್ಡಕ್ಷರದಲ್ಲಿತ್ತು, ನಾನೂ ಅದನ್ನೇ ಓದಿ ಹೇಳಿದೆ. ಸೊಸೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು "ನಂಗ 42, ನಂಗೂ ಹಂಗೇ ಏನ್ರೀ ವೈನಿ?" ಅಂತ ಕೇಳಿದ್ಲು. ಪೇಪರ್ ತೆರೆದಿತ್ತಲ್ಲ, ಕೆಳಗೆ ಟೇಬಲ್ ತನಕ ಹೋಗಿ ನೋಡಿದೆ. ಆ 30 ಬರೋದು 50 ದಾಟಿದವರಿಗೆ ಮಾತ್ರ, ಅದೂ ಆಮೇಲೆ ಬೇರೆ ಮಾಡಿ ಲೆಕ್ಕ ಹಾಕಿದ್ದು. ಎಲ್ಲರನ್ನೂ ಸೇರಿಸಿದ್ರೆ 15, ಅದು ಆಕಸ್ಮಿಕ ಇರಬಹುದು ಅನ್ನೋದನ್ನ ತಳ್ಳಿಹಾಕುವಷ್ಟು ಗಟ್ಟಿ ಇಲ್ಲ. 50ರ ಒಳಗಿನವರಲ್ಲಿ ಸಾವು ಅಂಥಾ ಕಮ್ಮಿ ಆಗಿಲ್ಲ ಅಂತ ಬರೆದವರೇ ನೇರವಾಗಿ ಒಪ್ಕೊಂಡಿದಾರೆ. ಆದ್ರೆ ಒಟ್ಟಾರೆ ನೋಡಿದ್ರೆ ಮೂರು ನಾಲ್ಕನೇ ಸ್ಟೇಜಲ್ಲಿ ಪತ್ತೆ ಆಗಿದ್ದು ತಪಾಸಣೆ ಇಲ್ಲದ ಗುಂಪಿನಲ್ಲಿ 47 ಪರ್ಸೆಂಟ್, ತಪಾಸಣೆ ಗುಂಪಿನಲ್ಲಿ 37. ಇಷ್ಟನ್ನೂ ಅವಳಿಗೆ ಹೇಳೋಕೆ ಆಗಿದ್ದು ಪೇಪರ್ ಪೂರ್ತಿ ಕೈಗೆ ಸಿಕ್ಕಿದ್ದಕ್ಕೆ, ಇಲ್ಲಾಂದ್ರೆ ಆ ದೊಡ್ಡಕ್ಷರನೇ ಅವಳಿಗೂ ಅನ್ವಯ ಅಂತ ನಾವೆಲ್ಲ ನಂಬ್ಕೊಂಡು ಕೂರ್ತಿದ್ವಿ.

ಹಿಂದೆ ಕಾಕಾಗೆ ಬಾಯಿ ಕ್ಯಾನ್ಸರ್ ಆದಾಗ ಒಂದು ಔಷಧಿ ಬಗ್ಗೆ ಹುಡುಕಿದ್ರೆ ಹತ್ತು ಸಾಲಿನ ಸಾರಾಂಶ, ಅದರ ಕೆಳಗೆ ಪೂರ್ತಿ ಪೇಪರಿಗೆ ಡಾಲರಲ್ಲಿ ರೇಟು. ಕೊನೆಗೆ ಬರೆದ ಡಾಕ್ಟರಿಗೇ ಮೇಲ್ ಹಾಕಿದೆ, ಪಾಪ ಮರುದಿನವೇ ಕಳಿಸಿದ್ರು. ಈಗ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿದೆ, 2025ರಿಂದ ಸರ್ಕಾರಿ ಕಾಲೇಜು, ಸಂಸ್ಥೆಗಳಲ್ಲಿ ಇರೋರಿಗೆ ಸುಮಾರು 13,000 ಜರ್ನಲ್, ಅಂದ್ರೆ ಸಂಶೋಧನಾ ಪತ್ರಿಕೆ, ದುಡ್ಡಿಲ್ಲದೆ ಓದೋಕೆ ಸಿಗುತ್ತೆ, ಒಳ್ಳೇದೇ. ಆದ್ರೆ ಡೊಂಬಿವಲಿಯ ಈ ಮನೆ ಯಾವ ಸಂಸ್ಥೆ ಲೆಕ್ಕಕ್ಕೂ ಬರಲ್ಲವಲ್ಲ. ಮೈ ಕೊಟ್ಟು ಕೂತವರು ಈ ಹೆಂಗಸರು, ಅದರಿಂದ ಬಂದಿದ್ದೇನು ಅಂತ ಓದೋ ಹಕ್ಕು ಎಲ್ಲರಿಗಿಂತ ಮೊದಲು ಇವರಿಗೇ ಇರಬೇಕು. ಪೇಪರ್ ಜೊತೆ ಎರಡು ಪುಟ ಕನ್ನಡದಲ್ಲಿ, ಮರಾಠಿಯಲ್ಲಿ ಹಾಕಿದ್ರೆ ಇನ್ನೂ ಚಲೋ.

ಸಂಜೆ ಭಿಶಿಗೆ, ಅಂದ್ರೆ ಚೀಟಿ ಹಣ ಕಟ್ಟೋಕೆ, ಹೆಂಗಸರು ಸೇರಿದಾಗ ದೊಡ್ಡವ್ವ ಬಿಡಲಿಲ್ಲ, "ಇವರಿಗೂ ಓದಿ ಹೇಳು" ಅಂದ್ಲು. ಹಳೇ ಬಸ್ತಿಯವರು ಕೆಲವರಿದ್ರು. ಒಬ್ಬಾಕೆ ನಡುವೆಯೇ ನಿಲ್ಲಿಸಿ, "ನಮ್ ಕಡೆ ಬರೇ ಮಾತಾಡಿ ಹೋದ್ರು, ಆಮ್ಯಾಲೆ ವರ್ಷ ಬಿಟ್ಟು ವರ್ಷ ಬಂದು ಏನರ ಆಗೇತೇನು ಅಂತ ಕೇಳ್ತಿದ್ರು, ಮುಟ್ಟಿ ನೋಡಲೇ ಇಲ್ಲ, ಯಾಕ?" ಅಂದ್ಲು. ಯಾವ ಏರಿಯಾ ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಆರಿಸಿದ್ರು, ಹೋಲಿಸಿ ನೋಡೋಕೆ ಅಂತ ನಿಮ್ಮದು ಇನ್ನೊಂದು ಗುಂಪಿಗೆ ಹೋಗಿರಬೇಕು ಅಂತ ಟೇಬಲ್ ತೋರಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಈಗರ ನೋಡ್ತಾರೇನು?" ಅಂದ್ಲು. ನೋಡ್ತಾರೆ ಅಕ್ಕಾ, ಪಾಲಿಕೆ ಆಸ್ಪತ್ರೆಗೆ ಹೋಗೋಣ ಅಂದೆ. ಗುರುವಾರ ಅಂತ ಆಯ್ತು, ಸೊಸೆನೂ ಬರ್ತೀನಿ ಅಂದಿದಾಳೆ.