ಪ್ಲಗ್ ತೆಗೆಯದ ಸಂಜೆ

14 ಮೇ 2024, ಮಂಗಳವಾರ, ರಾತ್ರಿ 9.40

ಕರೆಂಟಿಲ್ಲ. ಏಳು ಗಂಟೆಗೆ ಹೋಗಿದ್ದು ಇನ್ನೂ ಬಂದಿಲ್ಲ. ಮೊಬೈಲಲ್ಲೇ ಬರೆಯುತ್ತಿದ್ದೇನೆ. ಚಾರ್ಜ್ 31 ಇದೆ, ಅಷ್ಟರೊಳಗೆ ಎಷ್ಟಾಗುತ್ತದೋ ಅಷ್ಟು.

ಕಂಪ್ಯೂಟರಿಗೆ ಕರೆಂಟ್ ಕೊಡುವ ಹೊಸ ಎಸ್‌ಎಂಪಿಎಸ್ ತಂದಾಗಿದೆ. ಕೂರಿಸಿಯೂ ಆಗಿದೆ. ಆದರೆ ಚಾಲೂ ಮಾಡಿ ನೋಡುವುದಕ್ಕೆ ಕರೆಂಟೇ ಇಲ್ಲ. ಅಪ್ಪ ಜಗಲಿಯಲ್ಲಿ ಇನ್ವರ್ಟರಿನ ಒಂದೇ ಬಲ್ಬಿನ ಕೆಳಗೆ ಕೂತು ಅದರ ಖಾಲಿ ಡಬ್ಬ ತಿರುಗಿಸಿ ತಿರುಗಿಸಿ ಓದುತ್ತಿದ್ದಾರೆ. ಪಂಚಾಂಗ ಓದುವಷ್ಟೇ ಗಮನ ಕೊಟ್ಟು.

ಭಾನುವಾರ ಸಂಜೆಯ ಮಳೆ ನೆನಪಿದೆಯಲ್ಲ. ಮೊದಲ ಗುಡುಗಿಗೇ ಅಮ್ಮ ಅಡುಗೆಮನೆಯಿಂದ ಕೂಗಿದಳು, "ಎಲ್ಲ ಪ್ಲಗ್ ತೆಗೆದ್ಯಾ?" ನಾನು ಹೂಂ ಅಂದೆ. ಅರ್ಧ ಸುಳ್ಳು. ಟಿವಿಯದ್ದು ತೆಗೆದಿದ್ದೆ, ಫ್ರಿಜ್ಜಿನದ್ದು ತೆಗೆದಿದ್ದೆ. ಕಂಪ್ಯೂಟರ್ ಆಗಲೇ ಶಟ್‌ಡೌನ್ ಮಾಡಿದ್ದೆನಲ್ಲ, ಅದರ ಪ್ಲಗ್ ಕೈಗೆ ಸಿಗುವ ಜಾಗದಲ್ಲೂ ಇಲ್ಲ, ಮೇಜಿನ ಹಿಂದೆ ಬಗ್ಗಬೇಕು. ಬಿಟ್ಟೆ.

ಆಫ್ ಅಂದರೆ ಪೂರ್ತಿ ಆಫ್ ಅಲ್ಲ ಅಂತ ನನಗೆ ಗೊತ್ತಿತ್ತು. ಅದೇ ಬೇಜಾರು. ಮುಂದಿನ ಗುಂಡಿ ಒತ್ತಿದ ಕೂಡಲೇ ಯಂತ್ರ ಏಳಬೇಕಾದರೆ ಒಳಗೆ ಯಾರೋ ಎಚ್ಚರವಾಗಿರಬೇಕು. ಪ್ಲಗ್ ಇರುವ ತನಕ ಎಸ್‌ಎಂಪಿಎಸ್‌ನ ಒಂದು ಸಣ್ಣ ಭಾಗ ಐದು ವೋಲ್ಟ್ ಕೊಡುತ್ತಾ ಕೂತಿರುತ್ತದೆ, ನೇರಳೆ ಬಣ್ಣದ ತಂತಿಯಲ್ಲಿ. ಹೊಳೆಯಾಚೆ ಎಲ್ಲೋ ಸಿಡಿಲು ಬಡಿದರೂ ಲೈನಿನಲ್ಲಿ ಬಂದಿದ್ದು ನೇರ ಅದರ ಮೇಲೆ. ಮೊದಲೆಲ್ಲ ಫೋನಿನ ತಾಮ್ರದ ತಂತಿಯಲ್ಲೂ ಸಿಡಿಲು ಬರುತ್ತಿತ್ತು, ಎರಡು ಮೋಡೆಮ್ ಹಾಗೇ ಹೋಗಿದ್ದವು. ಫೈಬರ್ ಬಂದ ಮೇಲೆ ಆ ದಾರಿ ಮುಚ್ಚಿತು. ಈ ದಾರಿಗೆ ನಾನೇ ಬಾಗಿಲು ತೆರೆದಿಟ್ಟೆ.

ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಏನೂ ಇಲ್ಲ. ಫ್ಯಾನಿಲ್ಲ, ದೀಪವಿಲ್ಲ, ಬೀಪ್ ಇಲ್ಲ. ಅಮ್ಮನ ಎದುರು ಸುಮ್ನೆ ಕೂತು ಚಹಾ ಕುಡಿದೆ. ಆಮೇಲೆ ಎಸ್‌ಎಂಪಿಎಸ್ ಬಿಚ್ಚಿ ಪೇಪರ್ ಕ್ಲಿಪ್ ಪರೀಕ್ಷೆ ಮಾಡಿದೆ. ದೊಡ್ಡ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಇರುತ್ತದೆ. ಅದನ್ನೂ ಯಾವುದಾದರೂ ಕಪ್ಪು ತಂತಿಯನ್ನೂ ಕ್ಲಿಪ್ಪಿನಿಂದ ಸೇರಿಸಿ ಆಮೇಲೆ ಸ್ವಿಚ್ ಹಾಕಿದರೆ, ಸರಿ ಇದ್ದ ಎಸ್‌ಎಂಪಿಎಸ್ ಒಂಟಿಯಾಗಿಯೇ ಏಳುತ್ತದೆ, ಅದರ ಫ್ಯಾನ್ ತಿರುಗುತ್ತದೆ. ಇದರದ್ದು ತಿರುಗಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಪೆಟ್ಟಿಗೆಗೆ ಎಂತ ಆಯ್ತು?" ಅಂದರು. "ಕರೆಂಟ್ ಕೊಡುವ ಡಬ್ಬ ಹೋಗಿದೆ ಅಪ್ಪ, ಅಷ್ಟೇ" ಅಂದೆ. ಅವರು ಬೇರೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಾಗರದಲ್ಲಿ ಶೆಟ್ರ ಅಂಗಡಿ ಇನ್ನೂ ಇದೆ. ರೇಡಿಯೋ ಹೋಯಿತು, ಡಬ್ಬದಂಥ ಟಿವಿ ಹೋಯಿತು, ಈಗ ಮಿಕ್ಸಿ, ಟೇಬಲ್ ಫ್ಯಾನು. ರಿಪೇರಿಗೆ ಕೊಟ್ಟು ವಾಪಸ್ ಬಾರದೇ ಇದ್ದವರ ರೇಡಿಯೋಗಳು ಮೇಲಿನ ಹಲಗೆಯಲ್ಲಿ ಸಾಲಾಗಿ ಕೂತಿವೆ. ಶೆಟ್ರು ನನ್ನ ಎಸ್‌ಎಂಪಿಎಸ್ ತೆಗೆದುಕೊಂಡು ಮೊದಲು ಅಂಗೈಯಲ್ಲಿಟ್ಟು ತೂಗಿದರು, ಕೊಳ್ಳುವ ಮೊದಲು ತೆಂಗಿನಕಾಯಿ ತೂಗಿ ನೋಡುತ್ತೇವಲ್ಲ, ಹಾಗೆ.

"ಹಗುರ ಉಂಟು ಮಾರಾಯ" ಅಂದರು. "ಎಷ್ಟಕ್ಕೆ ತಗೊಂಡಿದ್ದು?"

"ಕ್ಯಾಬಿನೆಟ್ ಜೊತೆಗೇ ಬಂದಿದ್ದು ಶೆಟ್ರೇ. ಎರಡೂ ಸೇರಿ 1,400. ಒಂಬತ್ತು ವರ್ಷ ಆಯ್ತು."

"ಹಾಗಾದ್ರೆ ಇದ್ರ ಆಯುಷ್ಯ ಯಾವಾಗ್ಲೋ ಮುಗಿದಿದೆ. ನಿನ್ನ ಅದೃಷ್ಟಕ್ಕೆ ನಡೆದಿದ್ದು."

ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಒಂಬತ್ತು ವರ್ಷದ ಧೂಳು, ಒಂದು ಸತ್ತ ಹಲ್ಲಿಮರಿ. ನಾನು ಬೆರಳು ಹಾಕಲು ಹೋದೆ, ಕೈಗೆ ಪಟ್ಟನೆ ಹೊಡೆದರು. ಎರಡು ವೈರ್ ಕಟ್ಟಿದ ಬಲ್ಬ್ ಹೋಲ್ಡರ್ ತಂದು ದೊಡ್ಡ ಕೆಪಾಸಿಟರುಗಳಿಗೆ ಮುಟ್ಟಿಸಿದರು. ಬಲ್ಬು ಮಿಣುಕಲಿಲ್ಲ. "ನಿನ್ನೆ ಸಂಜೆಯೇ ಸತ್ತಿದ್ದು, ಎಲ್ಲ ಸೋರಿ ಹೋಗಿದೆ. ಆದ್ರೂ ಮುಟ್ಟಿಸೋದೇ. ಇದ್ರಲ್ಲಿ 300ಕ್ಕಿಂತ ಜಾಸ್ತಿ ವೋಲ್ಟ್ ನಿಂತಿರ್ತದೆ. ಟಿವಿ ಕಾಲದಲ್ಲಿ ಒಂದ್ಸಲ ನನ್ನನ್ನ ಗೋಡೆಗೆ ಎಸೆದಿತ್ತು." 230 ವೋಲ್ಟಿನ ಎಸಿಯನ್ನು ಡಿಸಿ ಮಾಡಿದರೆ ಅದರ ತುದಿ 325ರ ಹತ್ತಿರ ಹೋಗುತ್ತದೆ ಅಂತ ಕಾಲೇಜಲ್ಲಿ ಓದಿದ್ದೆ. ಓದಿದ್ದು ಬೆರಳಿಗೆ ತಲುಪಿರಲಿಲ್ಲ.

ಆಮೇಲೆ ಅವರು ತೋರಿಸಿದ್ದು ನೋಡಿ ನನಗೆ ಸಿಟ್ಟು ಬಂತೋ ನಗು ಬಂತೋ ಹೇಳಲಾರೆ. ಕರೆಂಟ್ ಒಳಗೆ ಬರುವ ಮೂಲೆಯಲ್ಲಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಒಂದೊಂದು ಸಾಮಾನಿನ ಜಾಗ ಅಚ್ಚಾಗಿದೆ. ಆ ಜಾಗದಲ್ಲಿ ಸಾಮಾನಿಲ್ಲ. ಎರಡೆರಡು ತೂತು, ಅಷ್ಟೆ. ಕಾಯಿಲ್ ಕೂರಬೇಕಾದ ಕಡೆ ಬಾಗಿಸಿದ ತಂತಿಯ ತುಂಡು ಹಾಕಿ ಬೆಸುಗೆ ಮಾಡಿದ್ದಾರೆ.

"ನೋಡು, ಇಲ್ಲಿ ವೇರಿಸ್ಟರ್ ಇರ್ಬೇಕಿತ್ತು. ವೋಲ್ಟೇಜ್ ಏರಿದ್ರೆ ಅದು ತನ್ನ ಮೈಮೇಲೆ ಎಳ್ಕೊಳ್ತದೆ, ಫ್ಯೂಸ್ ಹಾರಿಸ್ತದೆ. ಎಲೆ ಹಾಕಿದ್ದಾರೆ, ಬಡಿಸ್ಲಿಲ್ಲ."

"ಅದಿದ್ದಿದ್ರೆ ಉಳೀತಿತ್ತಾ?"

"ಕಂಬಕ್ಕೇ ಸಿಡಿಲು ಬಡಿದ್ರೆ ಅದೂ ಇಲ್ಲ, ಇದೂ ಇಲ್ಲ. ಪ್ಲಗ್ ತೆಗೆಯೋದೊಂದೇ." ಅಮ್ಮ ಮೊದಲೇ ಫೋನ್ ಮಾಡಿ ಹೇಳಿಟ್ಟಿದ್ದಳೋ ಏನೋ!

ರಿಪೇರಿ ಆಗುತ್ತದಾ ಅಂತ ಕೇಳಿದೆ. ಫ್ಯೂಸು, ಎರಡು ಟ್ರಾನ್ಸಿಸ್ಟರು, ಒಂದೆರಡು ರೆಸಿಸ್ಟರು, 200 ರೂಪಾಯಿ ಅಂದರು. ಆಮೇಲೆ ತಾವೇ ತಲೆ ಅಲ್ಲಾಡಿಸಿದರು. "ಮಾಡಿ ಕೊಡ್ತೇನೆ, ಆದ್ರೆ ನಿನ್ನ ಕಂಪ್ಯೂಟರಿಗೆ ಹಾಕ್ಬೇಡ. ಈ ಡಬ್ಬ ಇಲ್ಲೇ ಇಟ್ಟು ಹೋಗು, ಇದ್ರ ಫ್ಯಾನ್ ನಂಗೆ ಬೇಕು."

ಬಿಡುವ ಮೊದಲು ಅದರ ಸ್ಟಿಕರಿನ ಫೋಟೋ ತೆಗೆದುಕೊಂಡೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಓದಿದ್ದು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣ ಕೋಷ್ಟಕ. 12 ವೋಲ್ಟಿಗೆ 14 ಆಂಪ್, ಅಂದರೆ 168 ವ್ಯಾಟ್. 5 ವೋಲ್ಟಿಗೆ 25 ಆಂಪ್, 125. 3.3 ವೋಲ್ಟಿಗೆ 22, ಸುಮಾರು 73. ಉಳಿದ ಎರಡು ಸಣ್ಣವು ಸೇರಿ 16. ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೂರು ಸಲ ಕೂಡಿಸಿದೆ. 382. ಸುಳ್ಳು ಹೇಳುವವರು ಲೆಕ್ಕವನ್ನಾದರೂ ಸರಿ ಮಾಡಬಾರದೇ? ಉಳಿದ 68 ವ್ಯಾಟ್ ಪ್ರಿಂಟ್ ಮಾಡಿದವನ ಬಾಯಲ್ಲಿತ್ತು. ಅದೂ ಹೋಗಲಿ, ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕಿನ ಮೋಟಾರ್, ಎಲ್ಲಕ್ಕೂ ಮುಖ್ಯವಾಗಿ ಬೇಕಾದ್ದು 12 ವೋಲ್ಟ್. ಆ ಲೆಕ್ಕದಲ್ಲಿ ಇದು 168 ವ್ಯಾಟಿನ ಡಬ್ಬ.

ನಡೆದಿದ್ದು ಹೇಗೆ ಅಂದರೆ, ನಮ್ಮ ಯಂತ್ರಕ್ಕೆ ಬೇಕಾದ್ದೇ ಅಷ್ಟು ಕಡಿಮೆ. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ಅದರ ಲೆಕ್ಕ 54 ವ್ಯಾಟ್. ಗ್ರಾಫಿಕ್ಸ್ ಕಾರ್ಡಿಲ್ಲ. ಒಂದು ಎಸ್‌ಎಸ್‌ಡಿ, ಒಂದು ದೊಡ್ಡ ಹಾರ್ಡ್ ಡಿಸ್ಕ್. ಎಲ್ಲ ಸೇರಿ 100 ವ್ಯಾಟ್ ದಾಟಿದರೆ ಹೆಚ್ಚು.

ಸಾಗರದಲ್ಲಿ ಕೇಳಿದ ಎರಡೂ ಅಂಗಡಿಯಲ್ಲಿ ಇದ್ದದ್ದು ಅದೇ ಜಾತಿಯ 650 ರೂಪಾಯಿಯದ್ದು. ಎತ್ತಿ ನೋಡಿದೆ. ಹಗುರ. ಹಾಗಾಗಿ ಇವತ್ತು ಶಿವಮೊಗ್ಗ. ಮಂಗಳವಾರ ಹೊಸ ಸಾಮಾನು ತರಬೇಡ ಅಂತ ಅಮ್ಮ. ಹಳೇದರ ಬದಲಿಗೆ ತರೋದು, ಹೊಸದಲ್ಲ ಅಂದೆ.

ದುರ್ಗಿಗುಡಿಯ ಅಂಗಡಿ ಹುಡುಗ ಒಳ್ಳೆಯವನೇ. "ಸರ್, ಫ್ಯೂಚರ್‌ಗೆ 750 ಗೋಲ್ಡ್ ತಗೊಂಡ್ಬಿಡಿ" ಅಂದ. ಫ್ಯೂಚರ್ ನಮ್ಮನೆಗೆ ಬರಬೇಕಾದರೆ ಬಸ್ ಇಳಿದು ಎರಡು ಕಿಲೋಮೀಟರ್ ನಡೆಯಬೇಕು ಮಾರಾಯ ಅಂದೆ. ನಕ್ಕ. ಕಂಚು, ಬೆಳ್ಳಿ, ಚಿನ್ನ ಅಂತ ಇವರು ಹೇಳುವುದು ಒಳಗೆ ಎಷ್ಟು ವ್ಯರ್ಥ ಅನ್ನುವ ಲೆಕ್ಕ. ಅರ್ಧ ಹೊರೆಯಲ್ಲಿ ಬ್ರಾಂಜ್ ನೂರಕ್ಕೆ 85 ಆದರೂ ದಾಟಿಸಬೇಕು, ಗೋಲ್ಡ್ 90. ನನ್ನ 100 ವ್ಯಾಟಿಗೆ ಇವೆರಡರ ವ್ಯತ್ಯಾಸ ಆರೇಳು ವ್ಯಾಟ್. ದಿನಕ್ಕೆ ನಾಲ್ಕು ತಾಸು ಹಾಕಿದರೂ ವರ್ಷಕ್ಕೆ ಹತ್ತು ಯೂನಿಟ್. ಅದಕ್ಕೆ ಎರಡು ಸಾವಿರ ಜಾಸ್ತಿ ಕೊಡುವುದಾ? ಮೇಲಾಗಿ ನಮ್ಮದು ಗೃಹಜ್ಯೋತಿ, ಬಿಲ್ಲೇ ಸೊನ್ನೆ.

ತಂದದ್ದು 450ರದ್ದೇ, ಬ್ರಾಂಜ್. ಆದರೆ ಇದರ ಸ್ಟಿಕರಿನಲ್ಲಿ 12 ವೋಲ್ಟಿನ ಕೆಳಗೆ 36 ಆಂಪ್ ಇದೆ. 432 ವ್ಯಾಟ್. ಇದು ಮಾತು. ವಾರಂಟಿ ಐದು ವರ್ಷ. ಪ್ರೊಸೆಸರಿನ ಪವರ್ ಕನೆಕ್ಟರ್ ಎಂಟು ಪಿನ್ನಿಂದು, ನಾಲ್ಕು ನಾಲ್ಕಾಗಿ ಬಿಡಿಸಬಹುದು, ನಮ್ಮ ಹಳೇ ಬೋರ್ಡಿಗೆ ನಾಲ್ಕೇ ಸಾಕು. ಮೊದಲು ಅದನ್ನು ನೋಡಿದೆ, ಆಮೇಲೆ ದುಡ್ಡು ತೆಗೆದೆ. 3,450. ಕೈಯಲ್ಲಿ ಹಿಡಿದರೆ ಇಟ್ಟಿಗೆ.

"ಇಷ್ಟು ದೊಡ್ಡದಾದ್ರೆ ಕರೆಂಟ್ ಜಾಸ್ತಿ ಎಳೀತದಾ?" ಅಂತ ಅಪ್ಪ ಕೇಳಿದರು. ಹಂಡೆ ದೊಡ್ಡದಿದೆ ಅಂತ ದಿನಾ ತುಂಬಿಸಿ ಕಾಯಿಸಬೇಕಾ ಅಪ್ಪ, ಬೇಕಾದಷ್ಟೇ ಕಾಯಿಸೋದು ಅಂದೆ. ಒಪ್ಪಿದರು.

ಇದೆಲ್ಲ ಬರೆಯುತ್ತಿರುವುದು ಯಾಕೆ ಅಂದರೆ ಬರೆಯಬೇಕಾದ್ದನ್ನು ಮುಂದೆ ಹಾಕುವುದಕ್ಕೆ.

ಆ ಹಾರ್ಡ್ ಡಿಸ್ಕಿನಲ್ಲಿ ಅಪ್ಪನ ಕ್ಯಾಸೆಟ್ಟುಗಳಿವೆ. ಎಂಬತ್ತರ ದಶಕದಿಂದ ಟೇಪ್ ರೆಕಾರ್ಡರ್ ಹೊತ್ತುಕೊಂಡು ಊರೂರು ತಿರುಗಿ ಮಾಡಿದ ಯಕ್ಷಗಾನದ ರೆಕಾರ್ಡಿಂಗ್. ಶೇಣಿಯವರ ಅರ್ಥ, ಕಾಳಿಂಗ ನಾವಡರ ಪದ. ನಡುವೆ ಯಾರದ್ದೋ ಮಗು ಅಳುವುದು, ಅಪ್ಪ ಮೈಕಿನ ಹತ್ತಿರವೇ ಕೆಮ್ಮುವುದು. 140 ಕ್ಯಾಸೆಟ್. 2015ರ ಮಳೆಗಾಲ ಪೂರ್ತಿ ಅವನ್ನು ಕಂಪ್ಯೂಟರಿಗೆ ಇಳಿಸಿದೆವು. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿನ ಹಿಂದಿನ ನೀಲಿ ತೂತಿಗೆ ಒಂದು ವೈರು. ಅವಸರ ಮಾಡಲಿಕ್ಕೆ ಬರುವುದಿಲ್ಲ, 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಅಪ್ಪ ಪಕ್ಕದಲ್ಲಿ ಕೂತು ಎ ಬದಿ ಮುಗಿದ ಕೂಡಲೇ ತಿರುಗಿಸಿ ಹಾಕುತ್ತಿದ್ದರು. ಕ್ಯಾಸೆಟ್ಟುಗಳಿಗೆ ಆಗಲೇ ಬಿಳಿ ಬೂಸಲು ಹಿಡಿದಿತ್ತು. ಎಲ್ಲ ಮುಗಿದ ಮೇಲೆ ಅವನ್ನು ಎಸೆಯಲು ಹೇಳಿದ್ದು ನಾನು. ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ ಅಪ್ಪ, ಯಾಕೆ ಅಂದಿದ್ದೆ. ಇನ್ನೊಂದು ಪ್ರತಿ ಮಾಡಿಡುತ್ತೇನೆ ಅಂತಲೂ ಅಂದಿದ್ದೆ.

ಮಾಡಿಲ್ಲ.

ಶೆಟ್ರನ್ನು ಕೇಳಿದ್ದೆ. ಅವರು ಮೀಟರ್ ಹಿಡಿದು ಹೊರಗೆ ಹೋಗುವ ತಂತಿಗಳ ಕಡೆ ನೋಡಿ, "ಈ ಬದಿ ಶಾರ್ಟ್ ಎಂತದೂ ಇಲ್ಲ, ಆಚೆ ಬದಿಯಲ್ಲೇ ಸತ್ತಿದೆ. ಬಹುಶಃ ಡಿಸ್ಕಿಗೆ ತಾಗಿರ್ಲಿಕ್ಕಿಲ್ಲ" ಅಂದರು. ಬಹುಶಃ. ಡಿಸ್ಕನ್ನು ಶಿವಮೊಗ್ಗಕ್ಕೆ ಒಯ್ದಿದ್ದರೆ ಆ ಹುಡುಗನೇ ಐದು ನಿಮಿಷದಲ್ಲಿ ಹಾಕಿ ನೋಡುತ್ತಿದ್ದ. ಇದು ಹೊಳೆದಿದ್ದು ವಾಪಸ್ ಬರುವಾಗ ಆನಂದಪುರ ದಾಟಿದ ಮೇಲೆ. ಲ್ಯಾಪ್‌ಟಾಪ್ ಇದ್ದವರ ಮನೆಗೆ ಒಯ್ದರೂ ಆಗುವುದಿಲ್ಲ, ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಅದನ್ನು ಕೊಡುವುದಿಲ್ಲ.

ಚಾರ್ಜ್ 12. ಗಾಳಿ ಎದ್ದಿದೆ, ಅಡಿಕೆ ಮರದ ಸದ್ದು ಕೇಳುತ್ತಿದೆ. ಇವತ್ತು ಕರೆಂಟ್ ಬರುವ ಲಕ್ಷಣ ಕಾಣುವುದಿಲ್ಲ.

ಅಪ್ಪ ಡಬ್ಬ ಕೆಳಗಿಟ್ಟು ಒಳಗೆ ಬಂದರು. "ತಮಾ, ಇನ್ವರ್ಟರಿಗೆ ಒಂದು ವೈರ್ ಎಳೆದು ನೋಡ್ಲಿಕ್ಕೆ ಬರೋದಿಲ್ವಾ? ಐದು ನಿಮಿಷ?" ಶೆಟ್ರು ಬೇಡ ಅಂದಿದ್ದಾರೆ. ನಮ್ಮದು ಹಳೇ ಇನ್ವರ್ಟರ್, ಸ್ಕ್ವೇರ್ ವೇವ್, ಅಂದರೆ ಅದರ ಕರೆಂಟ್ ಲೈನಿನದ್ದರಷ್ಟು ನಯವಾಗಿ ಏರಿಳಿಯುವುದಿಲ್ಲ. ಹೊಸ ನಮೂನೆಯ ಎಸ್‌ಎಂಪಿಎಸ್ ಅದರ ಮೇಲೆ ಕೆಲವು ಸಲ ನಡೆಯುತ್ತದೆ, ಕೆಲವು ಸಲ ಗುಂಯ್ ಅನ್ನುತ್ತದೆ, ಕೆಲವು ಸಲ ನಡುವೆಯೇ ನಿಲ್ಲುತ್ತದೆ. ಡಿಸ್ಕ್ ತಿರುಗುವಾಗ ನಿಂತರೆ ಅಂತ ನಾನು ಹೇಳಲು ಹೊರಟೆ. ಅಪ್ಪ ಆಗಲೇ ಎಕ್ಸ್‌ಟೆನ್ಶನ್ ಬೋರ್ಡ್ ಹುಡುಕಿ ತಂದು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಾರೆ, ವೈರಿನ ಗಂಟು ಬಿಡಿಸುತ್ತಾ