ದುರ್ಗಕ್ಕೆ ಸುತ್ತಿ ಹೋಗುವ ದಾರಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ ಹಿಡಿದರೆ 60 ಕಿಲೋಮೀಟರ್ ಆಸುಪಾಸು. ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಬಿಡುವಷ್ಟರಲ್ಲಿ ಊರು ಬಂದಿರುತ್ತದೆ. ಆ ರಸ್ತೆಯಲ್ಲಿ ಸೈಕಲ್ ತುಳಿದರೆ ಸಿಗುವುದು ಲಾರಿಗಳ ಬೆನ್ನು, ಡಾಬಾ ಬೋರ್ಡು, ಮಧ್ಯದಲ್ಲಿ ದೂಳು ಕುಡಿದ ಕಣಗಿಲೆ ಗಿಡ, ಅಷ್ಟೆ. ನಾವು ಹೋದದ್ದು ಅದರ ಎರಡು ಪಟ್ಟು ಮೀರುವ ದಾರಿಯಲ್ಲಿ: ಹದಡಿ, ಕುಕ್ಕುವಾಡ, ತ್ಯಾವಣಿಗೆ, ಸೂಳೆಕೆರೆ, ಸಂತೇಬೆನ್ನೂರು, ಚಿಕ್ಕಜಾಜೂರು, ಹೊಳಲ್ಕೆರೆ, ದುರ್ಗ. ಮರುದಿನ ಭೀಮಸಮುದ್ರ, ಸಿರಿಗೆರೆ, ಭರಮಸಾಗರ, ಆನಗೋಡಿನ ಮೇಲೆ ವಾಪಸ್ಸು.

ಈ ಸುತ್ತಿಗೆ ಒಂದು ಲೆಕ್ಕವಿದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕಾಲುವೆ ದಾವಣಗೆರೆ ಸೀಮೆಯನ್ನು ಎರಡು ಹೋಳು ಮಾಡಿದೆ. ಕಾಲುವೆಯ ಕೆಳಗೆ ಗದ್ದೆ, ಮೇಲೆ ಮೆಕ್ಕೆಜೋಳದ ಹೊಲ. ಕಾರಿನಲ್ಲಿ ಹೋಗುವವರಿಗೆ ಈ ಗೆರೆ ಕಾಣುವುದೇ ಇಲ್ಲ. ಸೈಕಲ್ಲಿನವನಿಗೆ ಮಾತ್ರ ಅದು ಮೊದಲು ತೊಡೆಗೆ ಗೊತ್ತಾಗುತ್ತದೆ, ಆಮೇಲೆ ಮೂಗಿಗೆ, ಕೊನೆಗೆ ಕಣ್ಣಿಗೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ 730ರ ಹತ್ತಿರ. ನೀರು ಹತ್ತದ ಆ ಎತ್ತರವನ್ನು ಒಂದು ದಿನದಲ್ಲಿ ಕಾಲಿನಿಂದ ಹತ್ತಿ ನೋಡುವುದು ನಮ್ಮ ಉಮೇದು.

ಜೊತೆಗಿದ್ದವನು ನನ್ನ ಬಾಮೈದ. ನನ್ನದು ತೆಳು ಟೈರಿನ ರೋಡ್ ಬೈಕು, ಅವನದು ದಪ್ಪ ಟೈರಿನ ಗೇರ್ ಸೈಕಲ್ಲು. ಹದಡಿವರೆಗೂ "ಭಾವಾ, ಸ್ವಲ್ಪ ನಿಧಾನ" ಅನ್ನುತ್ತಿದ್ದವನು ಮಧ್ಯಾಹ್ನದ ಮೇಲೆ ನನಗೆ ಅದೇ ಮಾತು ಹೇಳಲು ಕಾಯುತ್ತಿದ್ದ. ಅದಕ್ಕೆ ಕಾರಣ ಆಮೇಲೆ ಬರುತ್ತದೆ.

ಡಿಸೆಂಬರ್ ಶುರುವಾಗಿತ್ತು. ಹದಡಿ ಕಡೆಯ ರಸ್ತೆ ಮೇಜಿನಷ್ಟು ಸಮ. ಎರಡೂ ಬದಿ ಭತ್ತದ ಗದ್ದೆ. ಕೆಲವೆಡೆ ಕಟಾವು ಯಂತ್ರ ಗದ್ದೆಯೊಳಗೇ ಗುಡುಗುತ್ತಿದೆ, ಕೆಲವೆಡೆ ಕೆಲಸ ಮುಗಿದು ಬೆಳ್ಳಕ್ಕಿಗಳು ಕೂಳೆಯಲ್ಲಿ ಹುಳ ಹೆಕ್ಕುತ್ತಿವೆ. ಭತ್ತ ಒಣಗಿಸಲು ಇಲ್ಲಿ ಕಣ ಹುಡುಕುವವರಿಲ್ಲ. ಡಾಂಬರು ರಸ್ತೆಯ ಅರ್ಧವೇ ಕಣ. ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಆ ಕಲ್ಲು ಕಂಡರೆ ಬಸ್ಸಿನ ಡ್ರೈವರೂ ಬಲಕ್ಕೆ ಸರಿಯುತ್ತಾನೆ. ಉಳಿದರ್ಧದಲ್ಲಿ ಬಸ್ಸು, ಕಬ್ಬಿನ ಟ್ರ್ಯಾಕ್ಟರು, ನಾವು. ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆ ಇದೆ. ನುರಿಸುವ ಕಾಲವಾದ್ದರಿಂದ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಸಾಲಾಗಿ ಹೊರಟಿರುತ್ತವೆ. ಆ ಹಾಡಿನ ಅಬ್ಬರಕ್ಕೆ ಹಿಂದೆ ಹಾರ್ನ್ ಮಾಡಿದರೂ ಕೇಳಿಸುವುದಿಲ್ಲ, ನಮ್ಮ ಸೈಕಲ್ ಗಂಟೆಯಂತೂ ದೇವರಿಗೇ ಪ್ರೀತಿ. ಟ್ರೇಲರಿನ ಹಿಂದೆ ಹತ್ತಿರ ಹೋಗಬೇಡಿ. ಕಬ್ಬಿನ ಜಲ್ಲೆ ಬೀಳುತ್ತಲೇ ಇರುತ್ತದೆ. ಕಾರ್ಖಾನೆ ಹತ್ತಿರವಾದಂತೆ ಕಾಕಂಬಿಯ ವಾಸನೆ ಗಂಟಲಿಗೇ ಇಳಿಯುತ್ತದೆ.

ತ್ಯಾವಣಿಗೆ ದಾಟಿದ ಮೇಲೆ ಗುಡ್ಡಗಳು ಎದ್ದು ಬಂದವು. ಎರಡು ಗುಡ್ಡಗಳ ನಡುವೆ ಏರಿ, ಏರಿಯಾಚೆ ಸೂಳೆಕೆರೆ. ಶಾಂತಿಸಾಗರ ಎಂದೂ ಕರೆಯುವ ಈ ಕೆರೆಯನ್ನು "ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ" ಎಂದು ಇಲ್ಲಿ ಮಕ್ಕಳೂ ಹೇಳುತ್ತಾರೆ. ಮೊದಲನೆಯದು ಯಾವುದು ಅಂತ ಕೇಳಿದರೆ ಮಾತ್ರ ಊರಿಗೊಂದು ಉತ್ತರ. ಅದಿರಲಿ, ಆರೂವರೆ ಸಾವಿರ ಎಕರೆಯಷ್ಟು ನೀರು ಎದುರಿಗಿರುವಾಗ ನಂಬರಿನ ಹಂಗು ಯಾಕೆ? ನನಗೆ ಕೆರೆಗಿಂತ ಏರಿಯೇ ದೊಡ್ಡ ಸೋಜಿಗ. ಇಷ್ಟು ವಿಸ್ತಾರದ ನೀರನ್ನು ಹಿಡಿದಿರುವ ಏರಿ ಸೈಕಲ್ಲಿನಲ್ಲಿ ಒಂದೆರಡು ನಿಮಿಷದ ಹಾದಿ. ಕಟ್ಟಿದವರು ಹಳ್ಳ ಗುಡ್ಡ ಸೀಳಿಕೊಂಡು ಹೊರಡುವ ಇಕ್ಕಟ್ಟಿನ ಜಾಗವನ್ನೇ ಆರಿಸಿಕೊಂಡಿದ್ದಾರೆ. ಉಳಿದ ಕೆಲಸವನ್ನು ಗುಡ್ಡಗಳೇ ಮಾಡಿವೆ. ನೀರು ಬಿಡಲು ಸಿದ್ದನ ತೂಬು, ಬಸವನ ತೂಬು ಎಂದು ಎರಡು. ಕೆರೆಯಿಂದ ಹೊರಟ ಹರಿದ್ರಾ ಹೊಳೆ ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತದೆ.

ಏರಿಯ ಮೇಲೆ ಮೀನು ತೂಗುತ್ತಿದ್ದ ಅಜ್ಜ ನಮ್ಮ ಹೆಲ್ಮೆಟ್ಟು, ಬಿಗಿ ಚಡ್ಡಿ ಮೇಲಿಂದ ಕೆಳಗೆ ನೋಡಿದ.

"ಎಲ್ಲಿಗೆ ಹೊಂಟೀರಪ್ಪಾ?"

"ದುರ್ಗಕ್ಕೆ, ಅಜ್ಜ."

"ದುರ್ಗಕ್ಕ ಹೋಗೋರು ಇಲ್ಲಿಗ್ಯಾಕ ಬಂದ್ರಿ? ನೀರು ಬೇಕಾದ್ರೆ ಅಲ್ಲೇ ನಲ್ಲಿ ತಿರುವಿದ್ರ ಇದೇ ನೀರು ಬರತೈತಿ."

ಅಜ್ಜ ಹೇಳಿದ್ದು ನಿಜ. ಚಿತ್ರದುರ್ಗ ನಗರ ಕುಡಿಯುವ ನೀರಿಗೆ ಈ ಕೆರೆಯನ್ನೂ ನೆಚ್ಚಿಕೊಂಡಿದೆ. ನಾವು ಆ ದಿನವೆಲ್ಲ ತುಳಿಯಲಿದ್ದ ಏರುದಾರಿಯನ್ನು ನೀರು ಪಂಪಿನ ಬಲದಿಂದ ಪೈಪಿನಲ್ಲಿ ಏರುತ್ತದೆ.

ಸಂತೇಬೆನ್ನೂರಿಗೆ ಹೋಗುವ ಒಳರಸ್ತೆ ಈ ಪಯಣದಲ್ಲೇ ಚೆಂದದ ತುಂಡು. ಅಡಿಕೆ ತೋಟಗಳ ಮಧ್ಯೆ ರಸ್ತೆ ತಿರುಗುತ್ತ ಹೋಗುತ್ತದೆ. ನೆರಳು ಎಷ್ಟು ದಟ್ಟ ಅಂದರೆ ಕೂಲಿಂಗ್ ಗ್ಲಾಸ್ ತೆಗೆಯಬೇಕು. ಚನ್ನಗಿರಿ ತಾಲ್ಲೂಕು ಎಂದರೆ ಅಡಿಕೆಯೇ. ಕೊಯ್ಲಿನ ಕಾಲದಲ್ಲಿ ಮನೆ ಮುಂದೆ, ರಸ್ತೆ ಬದಿ, ಖಾಲಿ ಸೈಟು, ಎಲ್ಲೆಲ್ಲೂ ಬೇಯಿಸಿದ ಅಡಿಕೆ ಹರವಿರುತ್ತದೆ, ಕೆಂಪಗೆ. ದೊಡ್ಡ ಹಂಡೆಗಳಲ್ಲಿ ಚೊಗರು ಕುದಿಯುವ ಒಗರು ವಾಸನೆ. ತೋಟವನ್ನು ಕೇಣಿ ಹಿಡಿದವರು, ಸುಲಿಯಲು ಬಂದ ಹೆಂಗಸರು, ತೂಕದ ಲೆಕ್ಕ ಬರೆಯುವ ಹುಡುಗ. ಒಂದೊಂದು ಮನೆಯಂಗಳವೂ ಸಣ್ಣ ಕಾರ್ಖಾನೆ. ಅಡಿಕೆ ರೇಟು ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ, ಸುಮ್ಮನೆ ನಗುತ್ತಾರೆ. ನಗು ದೊಡ್ಡದಿದ್ದರೆ ರೇಟು ಚೆನ್ನಾಗಿದೆ ಎಂದು ತಿಳಿದುಕೊಳ್ಳಬೇಕು.

ಸಂತೇಬೆನ್ನೂರಿನ ಪುಷ್ಕರಣಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ, ಅದಕ್ಕಿಂತ ಕಡಿಮೆ ಬೇಡ. ಇಲ್ಲಿಯ ಪಾಳೇಗಾರ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಚೌಕಾಕಾರದ ಹೊಂಡ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ಗೋಪುರದಂತೆ ಮೇಲೇಳುವ ವಸಂತ ಮಂಟಪ. ಮಗ್ಗುಲಲ್ಲಿ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಮಂಟಪದ ಕಮಾನುಗಳಲ್ಲೂ ಎರಡು ಕಡೆಯ ಕೈಚಳಕ ಕಾಣುತ್ತದೆ. ಬಿಸಿಲಿಗೆ ಕಾದ ಕಾಲನ್ನು ಮೆಟ್ಟಿಲ ಮೇಲೆ ಚಾಚಿ ಕೂತರೆ ಏಳಲು ಮನಸ್ಸಾಗದು.

ಆದರೆ ಏಳಬೇಕು, ಯಾಕೆಂದರೆ ಇಲ್ಲಿಂದ ಮುಂದೆ ಸುಖ ಮುಗಿಯಿತು. ಚಿಕ್ಕಜಾಜೂರಿನ ಕಡೆ ತಿರುಗಿದ್ದೇ ಗದ್ದೆ ಮಾಯ. ಕೆಮ್ಮಣ್ಣು, ಅಲ್ಲಲ್ಲಿ ಮಸಾರೆ, ಮುರಿದು ಮುಗಿದ ಮೆಕ್ಕೆಜೋಳದ ಒಣ ದಂಟು, ಹೂ ಬಿಟ್ಟ ತೊಗರಿ ಸಾಲು, ಬದುವಿನಲ್ಲಿ ಅವರೆ. ತೋಟ ಬಂದರೂ ಅದು ಕೊಳವೆಬಾವಿಯ ತೋಟ. ಪಕ್ಕದಲ್ಲೇ ನೀರು ಬತ್ತಿ ತಲೆ ಬೋಳಾದ ಅಡಿಕೆ ಮರಗಳೂ ನಿಂತಿರುತ್ತವೆ. ಸಮದ ರಸ್ತೆ ಹೋಗಿ ಏರು, ಇಳಿಜಾರು, ಮತ್ತೆ ಏರು. ಅದಕ್ಕೆ ಸರಿಯಾಗಿ ಚಳಿಗಾಲದ ಮೂಡಣ ಗಾಳಿ ಎದೆಗೆ ಕೊಡುತ್ತದೆ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಯಿತು.

ಅದರ ಮೇಲೆ ಒಕ್ಕಣೆ. ಕಾಲುವೆ ಸೀಮೆಯಲ್ಲಿ ಭತ್ತವನ್ನು ರಸ್ತೆ ಬದಿಗೆ ಹರವಿದರೆ ಇಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಅಗಲಕ್ಕೂ ಹಾಸುತ್ತಾರೆ. ಲಾರಿ, ಬಸ್ಸು ಮೇಲೆ ಹಾಯ್ದರೆ ಕಾಳು ತಾನೇ ಉದುರುತ್ತದೆ. ಕಣ ಮಾಡುವುದು, ಎತ್ತು ಕಟ್ಟಿ ರೋಣಗಲ್ಲು ಎಳೆಸುವುದು ಎಲ್ಲ ತಪ್ಪುತ್ತದೆ. ರೈತನಿಗೆ ಅನುಕೂಲ, ಪೊಲೀಸರ ಎಚ್ಚರಿಕೆಗೆ ಬೆಲೆಯಿಲ್ಲ. ತೆಳು ಟೈರಿನವನ ಗತಿ ಕೇಳಬೇಡಿ. ಹುರುಳಿ ಬಳ್ಳಿ ಚೈನಿಗೆ, ಹಿಂದಿನ ಗೇರಿಗೆ ಸುತ್ತಿಕೊಂಡರೆ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ಬಳ್ಳಿಯಡಿ ಉದುರಿದ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಜಾರಿತು. ಇಳಿದು, ಸೈಕಲ್ ಹೆಗಲಿಗೇರಿಸಿ, ಬದಿಯಲ್ಲಿ ನಡೆದು ದಾಟುವುದೊಂದೇ ದಾರಿ. ಬಾಮೈದ ತನ್ನ ದಪ್ಪ ಟೈರಿನಲ್ಲಿ ಹುರುಳಿಯ ಮೇಲೇ ದಾಟಿಕೊಂಡು ಹೋಗಿ, ತಿರುಗಿ ನೋಡಿ, "ಭಾವಾ, ಅವಸರ ಇಲ್ಲ, ನಿಧಾನ ಬರ್ರಿ" ಅಂದ. ಬೆಳಿಗ್ಗೆಯಿಂದ ಕಾಯ್ದಿಟ್ಟ ಮಾತು!

ಹುರುಳಿ ಒಕ್ಕುತ್ತಿದ್ದ ಹೆಂಗಸೊಬ್ಬರು ಅವನಿಗೆ ಕೂಗಿ ಹೇಳಿದ್ದು ನನಗೆ ಸಮಾಧಾನ ತಂದಿತು: "ಏ ತಮ್ಮಾ, ನಿನ್ ಗಾಡಿ ಭಾರ ಸಾಲದು, ಇನ್ನೆಲ್ಡು ಸಲ ಆಚಿಂದ ಈಚೆ ಹಾಯ್ಕಂಡ್ ಹೋಗು."

ಚಿಕ್ಕಜಾಜೂರು ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ದಾರಿಯಿಂದ ದುರ್ಗ, ಬಳ್ಳಾರಿ ಕಡೆಯ ಹಳಿ ಇಲ್ಲೇ ಕವಲೊಡೆಯುತ್ತದೆ. ಗೇಟು ಬಿದ್ದಾಗ ನೆರಳಲ್ಲಿ ನಿಂತು ನೀರು ಕುಡಿದದ್ದು ಬಿಟ್ಟರೆ ಇಲ್ಲಿ ಬೇರೆ ಕೆಲಸವಿರಲಿಲ್ಲ. ಊಟ ಹೊಳಲ್ಕೆರೆಯಲ್ಲಿ. ಬೆಳಿಗ್ಗೆ ಜೋಳದ ರೊಟ್ಟಿಯ ಸೀಮೆಯಿಂದ ಹೊರಟವರ ಎಲೆಗೆ ಮಧ್ಯಾಹ್ನ ಬಿದ್ದದ್ದು ರಾಗಿ ಮುದ್ದೆ, ಹುರುಳಿ ಕಟ್ಟಿನ ಸಾರು. ದಾರಿಯುದ್ದಕ್ಕೂ ನಮ್ಮನ್ನು ಕಾಡಿದ ಕಾಳನ್ನು ಉಂಡು ಸೇಡು ತೀರಿಸಿಕೊಂಡೆವು. ಊರಿನ ಬಯಲು ಗಣಪತಿಗೆ ಕೈಮುಗಿದು ಮತ್ತೆ ಹತ್ತಿದೆವು.

ಹೊಳಲ್ಕೆರೆ ತಾಲ್ಲೂಕಿನಲ್ಲಿ ಯಾರ ಜೊತೆ ಮಾತಿಗೆ ನಿಂತರೂ ಮಾತು ಭದ್ರಾ ಮೇಲ್ದಂಡೆಗೆ ಬರುತ್ತದೆ. ತಗ್ಗಿಗೆ ಹರಿಯುವ ಹಳೆ ಕಾಲುವೆಯಲ್ಲ, ಈ ಎತ್ತರದ ಸೀಮೆಗೆ ನೀರು ಎತ್ತಿ ತರುವ ಹೊಸ ಯೋಜನೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿದ್ದು ಇಲ್ಲಿಯ ಚಹಾದಂಗಡಿಯವರಿಗೆ ಬಾಯಿಪಾಠ. "ಘೋಷಣೆ ಹರದೈತಿ, ನೀರು ಹರಿಬೇಕು" ಅಂದರು ಒಬ್ಬರು, ಗ್ಲಾಸು ತೊಳೆಯುತ್ತ.

ಮುಂದಿನ 30 ಚಿಲ್ಲರೆ ಕಿಲೋಮೀಟರ್ ಹೆದ್ದಾರಿ, ಬೇಗ ಮುಗಿಸಬೇಕಾದದ್ದು. ದುರ್ಗ ಹತ್ತಿರವಾದಂತೆ ಗುಡ್ಡದ ನೆತ್ತಿಗಳ ಮೇಲೆ ಗಾಳಿಯಂತ್ರಗಳ ಸಾಲು. ಅವು ಯಾವ ಕಡೆ ಮುಖ ಮಾಡಿವೆ ಅಂತ ನೋಡಿದರೆ ಸಾಕು, ಸೈಕಲ್ಲಿನವನಿಗೆ ಆ ದಿನದ ಹಣೆಬರಹ ಗೊತ್ತಾಗುತ್ತದೆ. ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದವು.

ಕೋಟೆ ಎಲ್ಲರೂ ನೋಡಿರುವುದೇ; ಏಳು ಸುತ್ತು, ಒನಕೆ ಓಬವ್ವನ ಕಿಂಡಿ, 1779ರಲ್ಲಿ ಹೈದರಾಲಿಯ ಕೈಸೇರಿದ ಕಥೆ. ನಾನು ಪ್ರತಿ ಸಲ ನೋಡುವುದು ಅದರ ಹೊಂಡಗಳನ್ನು. ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ-ತಂಗಿ ಹೊಂಡಕ್ಕಿಳಿದು, ಅಲ್ಲಿಂದ ಕೆಳಗಿನ ಊರಿನ ಹೊಂಡಗಳಿಗೆ ಹೋಗುವ ಏರ್ಪಾಡು. ಸಂಜೆಗೆ ಚಂದ್ರವಳ್ಳಿಗೆ ಹೋದೆವು. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅವನು ಯಾರು ಯಾರನ್ನು ಗೆದ್ದನೆಂಬ ಪಟ್ಟಿ ಅದರಲ್ಲಿದೆ, ಸರಿ; ಆದರೆ ಶಾಸನ ಬರೆಸಿದ ನೆಪ ಯುದ್ಧವಲ್ಲ, ಒಂದು ಕೆರೆ ಕಟ್ಟಿಸಿದ್ದು. ನಾಲ್ಕನೇ ಶತಮಾನದ ರಾಜನಿಗೂ ದುರ್ಗದಲ್ಲಿ ಹೇಳಿಕೊಳ್ಳುವ ದೊಡ್ಡಸ್ತಿಕೆ ಎಂದರೆ ನೀರು ನಿಲ್ಲಿಸಿದ್ದೇ.

ಭಾನುವಾರ ಬೆಳಿಗ್ಗೆ ಭೀಮಸಮುದ್ರದ ದಾರಿ. ಚುಮುಚುಮು ಚಳಿ, ಬೆನ್ನಿಗೆ ಗಾಳಿ, ಸೈಕಲ್ ತಾನಾಗಿ ಓಡುತ್ತಿತ್ತು. ಭೀಮಸಮುದ್ರದ ಕೆರೆ, ಕೆರೆಯ ಸುತ್ತ ಅಡಿಕೆ, ಅಡಿಕೆ ವ್ಯಾಪಾರದ ದೊಡ್ಡ ಮನೆಗಳು; ಒಣ ಸೀಮೆಯ ನಡುವೆ ಇಲ್ಲೊಂದು ಚನ್ನಗಿರಿ. ಆದರೆ ಸುತ್ತಲ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ. ಅದಿರು ಲಾರಿ ಓಡಾಡುವ ರಸ್ತೆ ಬದಿಯ ತೋಟಗಳಲ್ಲಿ ಎಲೆ ಹಸಿರಲ್ಲ, ಇಟ್ಟಿಗೆ ಬಣ್ಣ. ನಮ್ಮ ಬಿಳಿ ಟೀಶರ್ಟಿಗೂ ಅದೇ ಗತಿಯಾಯಿತು. ಈ ತುಂಡನ್ನು ಭಾನುವಾರ ಬೆಳಿಗ್ಗೆ ಬೇಗ ದಾಟಬೇಕು, ಮೂಗಿಗೊಂದು ಕರ್ಚೀಫು ಇರಬೇಕು.

ಸಿರಿಗೆರೆಯಲ್ಲಿ ತರಳಬಾಳು ಮಠದ ದಾಸೋಹದಲ್ಲಿ ಪ್ರಸಾದ ಮುಗಿಸಿ, ಭರಮಸಾಗರಕ್ಕೆ ಬಂದೆವು. ಇಲ್ಲಿಯ ದೊಡ್ಡ ಕೆರೆಗೆ ಈಗ ಹರಿಹರದ ಕಡೆಯಿಂದ ತುಂಗಭದ್ರೆಯ ನೀರನ್ನು ಏತ ನೀರಾವರಿಯಲ್ಲಿ ಎತ್ತಿ ತುಂಬಿಸುತ್ತಾರೆ. ಸಿರಿಗೆರೆ ಮಠದ ಮುತುವರ್ಜಿ ಇದರ ಹಿಂದಿದೆ. ಕೆರೆಯಂಗಳದಲ್ಲಿ ಬೆಳೆದಿದ್ದ ಜಾಲಿ ಮರಗಳು ನೀರಿನಲ್ಲಿ ನಿಂತೇ ಒಣಗಿವೆ. ನೀರಿಗೆ ಹೊರಗಿರುವ ಜಾಲಿಯದು ಬೇರೆ ಕಥೆ. ಬಳ್ಳಾರಿ ಜಾಲಿಯ ಮುಳ್ಳು ರಸ್ತೆ ಅಂಚಿನ ಮಣ್ಣಲ್ಲಿ ಹುದುಗಿ ಕೂತಿರುತ್ತದೆ. ಎದುರಿಗೆ ಬಸ್ಸು ಬಂತೆಂದು ಡಾಂಬರಿನಿಂದ ಕೆಳಗಿಳಿದರೆ ಟ್ಯೂಬು ಹೋಯಿತು. ಬಾಮೈದನ ದಪ್ಪ ಟೈರಿಗೂ ಅದು ಮರ್ಯಾದೆ ಕೊಡಲಿಲ್ಲ. ಪಂಕ್ಚರ್ ಹಾಕುವಾಗ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಆನಗೋಡು ದಾಟಿ ಇಳಿಯುತ್ತಿದ್ದಂತೆ ಮತ್ತೆ ಕಾಲುವೆ, ಮತ್ತೆ ಗದ್ದೆ, ಮತ್ತೆ ರಸ್ತೆಯ ಅರ್ಧಕ್ಕೆ ಭತ್ತ. ಇದು ಅಚ್ಚುಕಟ್ಟಿನ ಕೊನೆ ಭಾಗ. ಇಲ್ಲಿಯವರು ಬೇಸಿಗೆ ಬೆಳೆಗೆ ನಾಟಿ ಮಾಡುವ ಮುಂಚೆ ಆಕಾಶ ನೋಡುವುದಿಲ್ಲ, ಅಣೆಕಟ್ಟಿನ ಮಟ್ಟ ಎಷ್ಟಡಿ ಎಂದು ಪೇಪರ್ ನೋಡುತ್ತಾರೆ.

ಹೋಗುವವರಿಗೆ: ನವೆಂಬರಿನಿಂದ ಜನವರಿವರೆಗೆ ಈ ಸುತ್ತು ಹೀಗೇ ಇರಲಿ, ಹೋಗುವ ದಿನ ಗಾಳಿ ಎದುರಾದರೂ ಬರುವ ದಿನ ಬೆನ್ನಿಗಿರುತ್ತದೆ, ದಾರಿಯೂ ಒಟ್ಟಾರೆ ಇಳಿಜಾರು. 32 ಎಂಎಂಗಿಂತ ತೆಳು ಟೈರು ಬೇಡ, ಟ್ಯೂಬು ಎರಡಾದರೂ ಇರಲಿ. ಪ್ರತಿ ಊರಿನ ಬಾಯಲ್ಲೂ ಬಣ್ಣವಿಲ್ಲದ ಹಂಪ್‌ಗಳಿವೆ, ಕತ್ತಲಾದ ಮೇಲೆ ತುಳಿಯಬೇಡಿ. ಜೂನ್–ಜುಲೈನಲ್ಲಿ ಹೊರಟರೆ ಪಡುವಣ ಗಾಳಿ ದುರ್ಗದವರೆಗೂ ತಳ್ಳಿಕೊಂಡು ಹೋಗಿ ಬಿಡುತ್ತದೆ, ಆದರೆ ವಾಪಸ್ಸಿಗೆ ಅದೇ ಗಾಳಿ ಮುಖಕ್ಕೆ. ಆಗ ಅಗಲ ಮೈಯ ಬಾಮೈದನೊಬ್ಬ ಜೊತೆಗಿದ್ದರೆ ಅವನನ್ನು ಮುಂದೆ ಬಿಟ್ಟುಕೊಂಡು ಹಿಂದೆ ತುಳಿಯಿರಿ.